ನೀರಿನ ಕೂಲರ್ ಇದ್ದರೂ ಕಂಪ್ಯೂಟರ್ ಬಿಸಿಯೇ? ಮೊದಲು ಕೈಯಿಟ್ಟು ನೋಡಿ

ವಿಶ್ರಾಮಬಾಗ (ಸಾಂಗಲಿ): "ಕಾಕಾ, ಮಷೀನ್ ಮತ್ತ ಬಂದ್ ಬಿತ್ರಿ. ನಾಡಿದ್ದ ಮದವಿ ವಿಡಿಯೋ ಕೊಡಬೇಕು, ಏನ್ ಮಾಡ್ಲಿ?"

ಫೋನ್ ಮಾಡಿದವನು ನಮ್ಮ ಅಣ್ಣನ ಮಗ. ಜತ್ತ ತಾಲೂಕಿನ ಹಳ್ಳಿಯೊಂದರಲ್ಲಿ ಸಣ್ಣ ಫೋಟೋ ಸ್ಟುಡಿಯೋ ಇಟ್ಟಿದ್ದಾನೆ. ಅವನ ಕಂಪ್ಯೂಟರನ್ನು ಎರಡು ವರ್ಷದ ಹಿಂದೆ ವಿಶ್ರಾಮಬಾಗದ ನಮ್ಮ ಮನೆಯಲ್ಲೇ ಇಬ್ಬರೂ ಕೂತು ಜೋಡಿಸಿದ್ದೆವು. ವಿಡಿಯೋ ಕೆಲಸಕ್ಕೆಂದು ದೊಡ್ಡ ಪ್ರೊಸೆಸರ್, ಅದಕ್ಕೆ ತಕ್ಕಂತೆ ಲಿಕ್ವಿಡ್ ಕೂಲರ್. ಈಗ ಕೆಲಸ ಶುರುವಾಗಿ ಹತ್ತೇ ನಿಮಿಷಕ್ಕೆ ಉಷ್ಣತೆ 96 ಡಿಗ್ರಿಗೆ ಏರುತ್ತಿತ್ತು, ವೇಗ ಕುಸಿಯುತ್ತಿತ್ತು, ಕೊನೆಗೆ ಮಷೀನ್ ತಾನೇ ಆಫ್. ಅಂಗಡಿಯವರು ನೋಡದೆಯೇ "ಕೂಲರ್ ಬದಲಿಸಿ, ಎಂಟು ಸಾವಿರ" ಎಂದಿದ್ದರಂತೆ. ಆ ದುಡ್ಡು ಅವನಿಗೆ ಸಣ್ಣದಲ್ಲ.

ಕ್ಯಾಬಿನೆಟ್ಟನ್ನು ಚಾದರದಲ್ಲಿ ಸುತ್ತಿ ಎಸ್‌ಟಿ ಬಸ್ಸಿನಲ್ಲಿ ತಂದ. ಒಂದು ರೂಪಾಯಿ ಖರ್ಚಿಲ್ಲದೆ ಅಂದೇ ಸರಿಯಾಯಿತು. ನಾವು ನೋಡಿದ ಕ್ರಮ ಬೇರೆಯವರಿಗೂ ಉಪಯೋಗವಾಗಲಿ ಎಂದು ಇಲ್ಲಿ ಕೊಟ್ಟಿದ್ದೇವೆ.

ಕೂಲರ್ ಬಿಸಿಯನ್ನು ಸಾಗಿಸುತ್ತದೆ, ಅಷ್ಟೇ

ಲಿಕ್ವಿಡ್ ಕೂಲರ್ ಎಂದರೆ ಫ್ರಿಜ್ ಅಲ್ಲ. ಟ್ರ್ಯಾಕ್ಟರ್ ಎಂಜಿನ್ ನೋಡಿದವರಿಗೆ ಇದು ಹೊಸತೂ ಅಲ್ಲ. ಪ್ರೊಸೆಸರ್ ಮೇಲೆ ತಾಮ್ರದ ತಳವಿರುವ ಬ್ಲಾಕ್ ಕೂತಿರುತ್ತದೆ. ಹೆಚ್ಚಿನ ಮಾದರಿಗಳಲ್ಲಿ ಅದರೊಳಗೇ ಸಣ್ಣ ಪಂಪು ಇರುತ್ತದೆ. ಎರಡು ರಬ್ಬರ್ ಪೈಪು, ಒಂದು ರೇಡಿಯೇಟರ್, ಅದಕ್ಕೆ ಫ್ಯಾನು. ಅಷ್ಟೇ ತೂಕದ ಗಾಳಿಗಿಂತ ನೀರು ಸುಮಾರು ನಾಲ್ಕು ಪಟ್ಟು ಬಿಸಿ ಹೊರುತ್ತದೆ.

ಆದರೆ ಫ್ಯಾನು ಬೀಸುವುದು ಕೋಣೆಯ ಗಾಳಿಯನ್ನೇ. ಕೋಣೆಯೇ 38 ಡಿಗ್ರಿ ಇದ್ದರೆ ಕೂಲರಿನ ನೀರು ಅದಕ್ಕಿಂತ ತಣ್ಣಗಾಗದು. ಹೀಗಾಗಿ ಜನವರಿಗಿಂತ ಮೇ ತಿಂಗಳಲ್ಲಿ ಹತ್ತು ಡಿಗ್ರಿ ಹೆಚ್ಚು ಕಂಡರೆ ಅದು ರೋಗವಲ್ಲ. ಪ್ರೊಸೆಸರಿನ ಉಷ್ಣತೆಯಿಂದ ಕೋಣೆಯ ಉಷ್ಣತೆ ಕಳೆದು, ಉಳಿದ ಅಂಕಿಯನ್ನು ಬರೆದಿಟ್ಟುಕೊಳ್ಳಿ. ಅದೇ ಕೆಲಸಕ್ಕೆ ಆ ಅಂಕಿ ಏರುತ್ತಾ ಹೋದರೆ ಮಾತ್ರ ಚಿಂತೆ.

ಇನ್ನೊಂದು ಮಾತು. 2022ರಲ್ಲಿ ಬಂದ ಎಎಂಡಿ ರೈಜೆನ್ 7000 ಸಾಲಿನ ಹಲವು ಪ್ರೊಸೆಸರುಗಳು ಪೂರ್ತಿ ಭಾರದಲ್ಲಿ 95 ಡಿಗ್ರಿವರೆಗೆ ಹೋಗುವಂತೆಯೇ ತಯಾರಾದವು. ಇಂಟೆಲ್‌ನ ಹಲವು ಡೆಸ್ಕ್‌ಟಾಪ್ ಪ್ರೊಸೆಸರುಗಳ ಮಿತಿ 100 ಡಿಗ್ರಿ. ಆದ್ದರಿಂದ ದೊಡ್ಡ ಅಂಕಿ ಕಂಡ ಕೂಡಲೇ ಗಾಬರಿ ಬೇಡ. ಏನೂ ಕೆಲಸವಿಲ್ಲದೆ 75-80 ತೋರಿಸಿದರೆ, ಬಯಾಸ್ ಪರದೆಯಲ್ಲಿ ನಿಂತಾಗಲೇ ಸರಸರ ಏರಿದರೆ, ಅಥವಾ ಮೊದಲು ಚೆನ್ನಾಗಿದ್ದದ್ದು ಈಗ ಕೆಟ್ಟರೆ ದೋಷವಿದೆ ಎಂದು ತಿಳಿಯಿರಿ.

ಕೈ ಪರೀಕ್ಷೆ

ಹದಿನೈದು ನಿಮಿಷ ಭಾರದ ಕೆಲಸ ಕೊಡಿ. ನಡುವೆ ಆಫ್ ಆಗುವಂತಿದ್ದರೆ ಅದಕ್ಕೂ ಮುಂಚೆಯೇ ನೋಡಿ. ಫ್ಯಾನಿಗೆ ಬೆರಳು ತಾಗದಂತೆ ಬ್ಲಾಕಿನ ಪಕ್ಕ, ಎರಡೂ ಪೈಪು ಮತ್ತು ರೇಡಿಯೇಟರ್ ಮುಟ್ಟಿ.

ಬ್ಲಾಕ್ ಬಿಸಿ, ಪೈಪು-ರೇಡಿಯೇಟರ್ ತಣ್ಣಗೆ, ಅಥವಾ ಒಂದು ಪೈಪು ಸುಡುತ್ತಿದ್ದು ಇನ್ನೊಂದು ತಣ್ಣಗಿದ್ದರೆ: ನೀರು ಹರಿಯುತ್ತಿಲ್ಲ. ಸರಿಯಿರುವ ಕೂಲರಿನಲ್ಲಿ ಎರಡೂ ಪೈಪು ಹೆಚ್ಚುಕಡಿಮೆ ಒಂದೇ ಬಿಸಿ ಇರುತ್ತವೆ.

ಎಲ್ಲವೂ ಬಿಸಿ, ರೇಡಿಯೇಟರ್ ಕೂಡ ಬಿಸಿ: ನೀರು ಹರಿಯುತ್ತಿದೆ, ಗಾಳಿ ಸಾಲದು. ಫ್ಯಾನು ನಿಂತಿದೆಯೇ, ರೇಡಿಯೇಟರಿನ ಸಂದಿಯಲ್ಲಿ ಧೂಳು ತುಂಬಿದೆಯೇ ನೋಡಿ. ಮಷೀನ್ ಆಫ್ ಮಾಡಿ, ಫ್ಯಾನನ್ನು ಬೆರಳಿನಿಂದ ಹಿಡಿದುಕೊಂಡು ಮೆತ್ತನೆಯ ಬ್ರಶ್ಶಿನಿಂದ ಧೂಳು ತೆಗೆಯಿರಿ.

ಪ್ರೊಸೆಸರ್ 95 ತೋರಿಸುತ್ತಿದ್ದರೂ ಬ್ಲಾಕ್ ಕೂಡ ತಣ್ಣಗೆ: ಬಿಸಿ ಬ್ಲಾಕಿಗೆ ದಾಟುತ್ತಲೇ ಇಲ್ಲ. ಸ್ಕ್ರೂ ಸಡಿಲ, ಥರ್ಮಲ್ ಪೇಸ್ಟ್ ಒಣಗಿದೆ, ಇಲ್ಲವೇ ಹೊಸ ಕೂಲರಿನ ತಳದ ಪ್ಲಾಸ್ಟಿಕ್ ಹಾಳೆ ತೆಗೆಯಲು ಮರೆತಿದ್ದೀರಿ! ನಗಬೇಡಿ, ಹೀಗೆ ಬಹಳ ಜನರಿಗೆ ಆಗುತ್ತದೆ.

ಪಂಪು ತಿರುಗುತ್ತಿದೆಯೇ?

ಬಯಾಸಿನಲ್ಲಿ ಪಂಪಿನ ವೇಗ ಕಾಣುತ್ತದೆ. ಮಾದರಿಗೆ ತಕ್ಕಂತೆ ಬೇರೆಯಾದರೂ ಹಲವು ಪಂಪುಗಳು ನಿಮಿಷಕ್ಕೆ 2000ದಿಂದ 3000 ಸುತ್ತು ತಿರುಗುತ್ತವೆ. ಸೊನ್ನೆ ಕಂಡರೆ ಕೂಡಲೇ ಸತ್ತಿದೆ ಎನ್ನಬೇಡಿ, ಮೊದಲು ವೈರು ನೋಡಿ. ಅದು ಮದರ್‌ಬೋರ್ಡಿನ 'ಎಐಒ ಪಂಪ್' ಅಥವಾ 'ಸಿಪಿಯು ಫ್ಯಾನ್' ಎಂಬ ಜಾಗದಲ್ಲಿರಬೇಕು. ಕೆಲವಕ್ಕೆ ಪವರ್ ಸಪ್ಲೈಯಿಂದ ಬೇರೆ ವೈರು ಬರುತ್ತದೆ. ಫ್ಯಾನಿನಂತೆ ವೇಗ ಏರಿಳಿಸುವ ಸೆಟ್ಟಿಂಗ್ ಇದ್ದರೆ ಬದಲಿಸಿ, ಪಂಪನ್ನು ಪೂರ್ತಿ ವೇಗಕ್ಕೆ ಬಿಡಿ.

ಅಂಗಡಿಗೆ ಹೋದರೂ ಮರಾಠಿಯಲ್ಲೇ ಕೇಳಿ: "ಪಂಪಚಾ ಆರ್‌ಪಿಎಂ ದಾಖವಾ." ತೋರಿಸಿದ ಮೇಲೆಯೇ ದುಡ್ಡಿನ ಮಾತು.

ಹವಾ ಹಿಡಿದ ಪಂಪು

ನಮ್ಮ ಹುಡುಗನ ಮಷೀನಿನಲ್ಲಿ ವೇಗ ಸರಿಯಾಗಿಯೇ ಇತ್ತು. ಆದರೆ ಬ್ಲಾಕ್ ಬಿಸಿ, ಪೈಪು ತಣ್ಣಗೆ. ಕಿವಿಯಿಟ್ಟರೆ ಗುಳುಗುಳು ಸದ್ದು. ಬಾವಿಯ ಮೋಟಾರು ಹವಾ ಹಿಡಿದಾಗ ಏನಾಗುತ್ತದೆ? ಮೋಟಾರು ತಿರುಗುತ್ತದೆ, ನೀರು ಬರುವುದಿಲ್ಲ. ಇಲ್ಲಿಯೂ ಅದೇ.

ಮುಚ್ಚಿದ ಕೂಲರಿನಲ್ಲೂ ವರ್ಷ ಕಳೆದಂತೆ ರಬ್ಬರ್ ಪೈಪಿನ ಮೂಲಕ ದ್ರವ ಸ್ವಲ್ಪ ಸ್ವಲ್ಪವೇ ಆರುತ್ತದೆ. ಖಾಲಿಯಾದ ಜಾಗದ ಗಾಳಿ ಎಲ್ಲಕ್ಕಿಂತ ಎತ್ತರದ ಜಾಗಕ್ಕೆ ಹೋಗಿ ಕೂರುತ್ತದೆ. ನಾವು ರೇಡಿಯೇಟರನ್ನು ಕ್ಯಾಬಿನೆಟ್ಟಿನ ಮುಂಭಾಗದಲ್ಲಿ ಕೆಳಗೆ ಕೂರಿಸಿದ್ದೆವು. ಪಂಪೇ ಎತ್ತರದಲ್ಲಿತ್ತು. ತಪ್ಪು ನಮ್ಮದೇ. ಎರಡು ವರ್ಷ ದ್ರವ ತುಂಬಿದ್ದರಿಂದ ಗೊತ್ತಾಗಿರಲಿಲ್ಲ.

ಮಷೀನ್ ಬಂದ್ ಮಾಡಿ ರೇಡಿಯೇಟರನ್ನು ಕ್ಯಾಬಿನೆಟ್ಟಿನ ಮೇಲ್ಭಾಗಕ್ಕೆ ಏರಿಸಿ, ಕ್ಯಾಬಿನೆಟ್ಟನ್ನು ಆ ಕಡೆ ಈ ಕಡೆ ನಿಧಾನವಾಗಿ ವಾಲಿಸಿದೆವು. ಚಾಲೂ ಮಾಡಿದಾಗ ಸದ್ದು ನಿಂತಿತು. ಅದೇ ವಿಡಿಯೋ ಕೆಲಸಕ್ಕೆ 74 ಡಿಗ್ರಿ! ನೆನಪಿಡಿ: ರೇಡಿಯೇಟರಿನ ಮೇಲ್ತುದಿ ಯಾವಾಗಲೂ ಪಂಪಿಗಿಂತ ಮೇಲಿರಬೇಕು.

ಪೇಸ್ಟ್ ಬದಲಿಸುವಾಗ

ಮಷೀನನ್ನು ಸ್ವಲ್ಪ ಹೊತ್ತು ನಡೆಸಿ, ಆಫ್ ಮಾಡಿ ಪ್ಲಗ್ ತೆಗೆಯಿರಿ. ಬ್ಲಾಕನ್ನು ನೇರ ಎಳೆಯದೆ ತುಸು ತಿರುಗಿಸಿ ಬಿಡಿಸಿ. ಹಳೆಯ ರೈಜೆನ್‌ಗಳಲ್ಲಿ ಎಳೆದರೆ ಪ್ರೊಸೆಸರೇ ಕಿತ್ತು ಬರುವುದುಂಟು. ಐಸೋಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿ, ಬಟಾಣಿ ಕಾಳಿನಷ್ಟು ಪೇಸ್ಟ್ ಇಡಿ. ಸ್ಕ್ರೂಗಳನ್ನು ಎದುರುಬದುರು ಮೂಲೆಯಂತೆ ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ.

ಇದನ್ನು ಮಾಡಬೇಡಿ

ಮುಚ್ಚಿದ ಕೂಲರನ್ನು ಬಿಚ್ಚಿ ಬೋರಿನ ನೀರನ್ನಾಗಲಿ, ಫಿಲ್ಟರ್ ನೀರನ್ನಾಗಲಿ ಹಾಕಬೇಡಿ. ಒಳಗಿರುವುದು ತುಕ್ಕು ತಡೆಯುವ ಔಷಧ ಬೆರೆಸಿದ ದ್ರವ. ಪೈಪಿನ ಬುಡದಲ್ಲಿ ಜಿನುಗು ಅಥವಾ ಹಸಿರು-ಬಿಳಿ ಪುಡಿ ಕಂಡರೆ ಕೂಡಲೇ ಪ್ಲಗ್ ತೆಗೆಯಿರಿ, ಮತ್ತೆ ಚಾಲೂ ಮಾಡಬೇಡಿ.

ಕೆಲವೊಮ್ಮೆ ತಪ್ಪು ತಯಾರಿಕೆಯಲ್ಲೇ ಇರುತ್ತದೆ. 2021ರಲ್ಲಿ ಎಂಎಸ್‌ಐ ಕಂಪನಿ ತನ್ನ ಕೆಲವು ಕೂಲರುಗಳೊಳಗೆ ಗಸಿ ಕಟ್ಟುತ್ತಿದೆ ಎಂದು ಒಪ್ಪಿಕೊಂಡಿತು. 2022ರಲ್ಲಿ ಆರ್ಕ್ಟಿಕ್ ಕಂಪನಿ ಲಿಕ್ವಿಡ್ ಫ್ರೀಜರ್ 2 ಕೂಲರಿನ ಗ್ಯಾಸ್ಕೆಟ್ ದೋಷ ಹೇಳಿ ರಿಪೇರಿ ಸಾಮಾನನ್ನು ಪುಕ್ಕಟೆ ಕೊಟ್ಟಿತು. ಹೀಗಾಗಿ ಬಿಲ್ಲು ಜೋಪಾನ. ವಾರಂಟಿ ಅವಧಿಯೊಳಗೆ ಪಂಪು ಸತ್ತರೆ ನಿಮ್ಮ ಜೇಬಿಗೆ ಕೈ ಹಾಕುವ ಅಗತ್ಯವಿಲ್ಲ.

ನಮ್ಮ ಹುಡುಗನ ಕೂಲರೂ ಹೊಸದಾಗಲಿಲ್ಲ. ಆರಿದ ದ್ರವ ಮರಳಿ ಬಾರದು. ಗುಳುಗುಳು ಮತ್ತೆ ಕೇಳಿದರೆ ಬಿಲ್ಲು ಹಿಡಿದು ವಾರಂಟಿ ಕೇಳು ಎಂದು ಹೇಳಿದ್ದೇನೆ. ಮದುವೆ ವಿಡಿಯೋ ಆ ರಾತ್ರಿಯೇ ಮುಗಿಯಿತು. ಬೆಳಗಿನ ಎಸ್‌ಟಿಗೆ ಹೊರಟ.