ಒಣಕಸದ ಉದ್ಯಮವೂ ಗ್ರಾಮದ ಹೊಣೆಯೂ

ವೇದಾವತಿಯ ದಡದ ಮೋಕದ ಸುತ್ತಿನ ಹೊಲಗಳಲ್ಲಿ ಹತ್ತಿ, ಮೆಣಸಿನಕಾಯಿ, ಭತ್ತದ ಬೆಳೆ ಕೈಸೇರಿದ ಬಳಿಕ ಗೊಬ್ಬರದ ಖಾಲಿ ಚೀಲಗಳೂ ಪ್ಲಾಸ್ಟಿಕ್ಕೂ ಬದುವಿನ ಮೇಲೆ ಉಳಿಯುವುವು. ಸುಟ್ಟರೆ ವಿಷದ ಹೊಗೆ. ಬಿಟ್ಟರೆ ದನಗಳ ಹೊಟ್ಟೆಗೆ ಸೇರುವುವು. ವಿಂಗಡಿಸಿ ಮಾರಿದರೆ ಇವೇ ಹಣವಾಗುವುವು.

ಕರ್ನಾಟಕದ ಅನೇಕ ಗ್ರಾಮ ಪಂಚಾಯಿತಿಗಳಲ್ಲಿ ಸಂಜೀವಿನಿ ಸ್ತ್ರೀ ಒಕ್ಕೂಟಗಳು ಕರಾರು ಮಾಡಿಕೊಂಡು ಈ ಉದ್ಯಮವನ್ನು ನಡೆಯಿಸುತ್ತಿವೆ. ಸದಸ್ಯೆಯರಿಗೆ ಕಸದ ವಿಂಗಡಣೆಯಲ್ಲಿಯೂ ವಾಹನ ಚಾಲನೆಯಲ್ಲಿಯೂ ತರಬೇತಿ ಕೊಡಲಾಗಿದೆ. 2020ರಲ್ಲಿ ಆರಂಭವಾದ ಸ್ವಚ್ಛ ಭಾರತ ಯೋಜನೆಯ ಎರಡನೆಯ ಹಂತದಲ್ಲಿ ಘನತ್ಯಾಜ್ಯದ ಕಾರ್ಯಕ್ಕೆ 5,000 ಜನಸಂಖ್ಯೆಯವರೆಗಿನ ಗ್ರಾಮಗಳಿಗೆ ತಲೆಗೆ 60 ರೂಪಾಯಿಯವರೆಗೂ, ಅದಕ್ಕೆ ಮೇಲ್ಪಟ್ಟವುಗಳಿಗೆ 45 ರೂಪಾಯಿಯವರೆಗೂ ಧನಸಹಾಯ ಗೊತ್ತುಮಾಡಲಾಯಿತು.

ಆದರೆ ತರಬೇತಿಯೂ ಹಣವೂ ಇದ್ದ ಮಾತ್ರಕ್ಕೆ ಸಾಲದು. ಹಸಿಕಸ ಬೆರೆತು ಕೊಳೆತ ಸರಕನ್ನು ಗುಜರಿಯವರು ಕೊಳ್ಳರು. ದುಡಿದ ಹೆಂಗಸರಿಗೆ ಕೂಲಿಯೂ ಗಿಟ್ಟದು. ಆದುದರಿಂದ ಗ್ರಾಮದ ಮುಖಂಡರೂ ಭೂಮಾಲೀಕರೂ ಮೊದಲು ತಮ್ಮ ಮನೆಗಳಲ್ಲಿಯೇ ಹಸಿಕಸವನ್ನು ಬೇರೆ ತೆಗೆಯಿಸಿ ತಿಪ್ಪೆಗೆ ಹಾಕಿಸತಕ್ಕದ್ದು. ಅದು ಗೊಬ್ಬರವಾಗಿ ಹೊಲಕ್ಕೆ ಮರಳುವುದು. ಒಣಕಸವನ್ನು ನೆನೆಯಗೊಡದೆ ಒಕ್ಕೂಟದ ಗಾಡಿಗೆ ಕೊಡತಕ್ಕದ್ದು. ಕೀಟನಾಶಕದ ಡಬ್ಬಿಗಳನ್ನು ಮಾತ್ರ ಇದರೊಡನೆ ಸೇರಿಸಲಾಗದು. ಅವನ್ನು ಮೂರು ಸಲ ತೊಳೆದು, ಆ ನೀರನ್ನು ಸಿಂಪಡಣೆಯ ಪಂಪಿಗೇ ಸುರಿದು, ಡಬ್ಬಿಗೆ ತೂತು ಮಾಡಿ ಪ್ರತ್ಯೇಕವಾಗಿಡಬೇಕು. ವಿಂಗಡಿಸುವ ಕೈಗಳಿಗೆ ಅವು ವಿಷ.

ಮುಖಂಡರ ಮನೆಯಲ್ಲಿ ನಡೆದುದನ್ನೇ ಊರು ಅನುಸರಿಸುವುದು. ಹಾಗಾದಲ್ಲಿ ಸರ್ಕಾರದ ಹಣ ವ್ಯರ್ಥವಾಗದೆ ಉದ್ಯಮವು ನೆಲೆಗೊಳ್ಳುವುದು.