ಭಾಗ ಎರಡಕ್ಕೆ ಬಾಕಿ ಏನಿದೆ?

ನಮ್ಮ ಕಾಲೇಜು ಕ್ಯಾಂಟೀನಿನಲ್ಲಿ ಮುಗಿಯದ ಜಗಳವೊಂದಿದೆ. ‘ಪಾರ್ಟ್ ಒನ್ ಥರ ಪಾರ್ಟ್ ಟೂ ಬರೋಕೆ ಸಾಧ್ಯಾನೇ ಇಲ್ಲ’ ಎನ್ನುವವರದು ಒಂದು ಗುಂಪು. ‘ಕೆಜಿಎಫ್’ ಹೆಸರು ಹೇಳಿ ಅವರ ಬಾಯಿ ಮುಚ್ಚಿಸುವವರದು ಇನ್ನೊಂದು. ನನ್ನ ಪ್ರಶ್ನೆಯೇ ಬೇರೆ: ಎರಡನೇ ಭಾಗ ಹೇಳಲು ಮೊದಲನೆಯದು ಏನಾದರೂ ಬಾಕಿ ಉಳಿಸಿತ್ತೇ?

2018ರ ‘ಕೆಜಿಎಫ್’ ಹೆಸರಿನಲ್ಲೇ ‘ಚಾಪ್ಟರ್ 1’ ಎಂದು ಹೇಳಿಕೊಂಡೇ ಬಂತು. ಗರುಡ ಸತ್ತ, ಸಿನಿಮಾ ಮುಗಿಯಿತು. ಆದರೆ ಸಾಯುವಾಗ ದೊಡ್ಡ ಶ್ರೀಮಂತನಾಗಿಯೇ ಸಾಯಬೇಕೆಂದು ತಾಯಿ ಪಡೆದಿದ್ದ ಮಾತು ರಾಕಿಯ ಹೆಗಲ ಮೇಲೆ ಹಾಗೇ ಉಳಿದಿತ್ತು. 2022ರಲ್ಲಿ ಬಂದ ಎರಡನೇ ಚಾಪ್ಟರ್‌ನಲ್ಲಿ ಕಥೆ ಹೇಳಲು ಅನಂತನಾಗ್ ಇರಲಿಲ್ಲ, ಪ್ರಕಾಶ್ ರಾಜ್ ಬಂದರು. ನನಗೆ ಹಳೆಯ ದನಿಯೇ ಬೇಕೆನಿಸಿತು. ಆದರೂ ಚಿನ್ನದ ಸಮೇತ ರಾಕಿ ಸಮುದ್ರದಲ್ಲಿ ಮುಳುಗುವಾಗ ಅಮ್ಮನ ಸಾಲ ತೀರಿತ್ತು. ಅದಕ್ಕೇ ಆ ಸಿನಿಮಾ ಗೆದ್ದಿತು.

‘ಮುಂಗಾರು ಮಳೆ’ಯ ಲೆಕ್ಕ ಬೇರೆ. ಯೋಗರಾಜ್ ಭಟ್ಟರ ಈ ಸಿನಿಮಾದ ಕೊನೆಯಲ್ಲಿ ಪ್ರೀತಮ್ ತನ್ನ ಪ್ರೀತಿಯನ್ನು ಬಿಟ್ಟುಕೊಟ್ಟು ಹೊರಟುಬಿಡುತ್ತಾನೆ. ನಮ್ಮ ವಯಸ್ಸಿನವರು ಟೀವಿಯಲ್ಲೇ ನೋಡಿದ್ದು; ಆದರೂ ಆ ಕ್ಲೈಮ್ಯಾಕ್ಸ್‌ಗೆ ಗಂಟಲು ಕಟ್ಟುತ್ತದೆ. ಅಲ್ಲಿ ಹೇಳಲು ಏನೂ ಉಳಿದಿರಲಿಲ್ಲ. 2016ರಲ್ಲಿ ಶಶಾಂಕ್ ನಿರ್ದೇಶನದ ‘ಮುಂಗಾರು ಮಳೆ 2’ ಬಂದಾಗ ಮಳೆ ಇತ್ತು, ಗಣೇಶ್ ಇದ್ದರು, ಕಥೆ ಮಾತ್ರ ಬೇರೆಯದೇ. ಅದೇ ಕಥೆಗೆ ಬೇರೆ ಹೆಸರಿದ್ದಿದ್ದರೆ ನಾವು ಹೋಲಿಸುತ್ತಲೇ ಇರಲಿಲ್ಲ.

ನನ್ನ ಪ್ರಕಾರ ಇದಕ್ಕೆ ಒಳ್ಳೆಯ ಉದಾಹರಣೆ ಮಲಯಾಳದ ‘ದೃಶ್ಯಂ’. ರವಿಚಂದ್ರನ್ ಅಭಿನಯದ ‘ದೃಶ್ಯ’ವಾಗಿ 2014ರಲ್ಲಿ ಕನ್ನಡಕ್ಕೂ ಬಂತು. ಕಟ್ಟುತ್ತಿರುವ ಪೊಲೀಸ್ ಠಾಣೆಯ ಅಡಿಯಲ್ಲೇ ಶವ ಹೂತು ನಾಯಕ ಪಾರಾಗುತ್ತಾನೆ. ನಾವು ಚಪ್ಪಾಳೆ ಹೊಡೆದೆವು. ಆದರೆ ಅಂಥ ಗುಟ್ಟು ಇಟ್ಟುಕೊಂಡ ಮನೆಯವರಿಗೆ ರಾತ್ರಿ ನಿದ್ದೆ ಬರುತ್ತದೆಯೇ? 2021ರ ಎರಡನೇ ಭಾಗ ಕೇಳಿದ್ದು ಇದನ್ನೇ. ಹೊಸ ವಿಲನ್ ಇಲ್ಲ, ದೊಡ್ಡ ಫೈಟ್ ಇಲ್ಲ. ಪೊಲೀಸರ ಹೆಸರು ಕೇಳಿದರೆ ನಡುಗುವ ಮಗಳಿದ್ದಾಳೆ. ಮೊದಲ ಭಾಗದಲ್ಲಿ ನಾವು ಮೆಚ್ಚಿದ ಜಾಣತನದ ಬೆಲೆ ಎಷ್ಟೆಂದು ಅದು ತೋರಿಸಿತು.

ಸಿನಿಮಾ ಬಗ್ಗೆ ಇಷ್ಟೊಂದು ತಲೆ ಕೆಡಿಸಿಕೊಳ್ಳಬೇಕೇ ಎಂದು ನೀವು ಕೇಳಬಹುದು. ಬೇಕು, ಏಕೆಂದರೆ ಪಾಕೆಟ್ ಮನಿ ಉಳಿಸಿ ಮೊದಲ ವಾರ ಥಿಯೇಟರ್ ತುಂಬಿಸುವವರಲ್ಲಿ ನಾವೇ ಹೆಚ್ಚು. ನಾವು ಹೆಸರು ನೋಡಿ ಟಿಕೆಟ್ ಕೊಂಡರೆ, ನಿರ್ಮಾಪಕರೂ ಹೆಸರಿಗೇ ದುಡ್ಡು ಹಾಕುತ್ತಾರೆ. 2006ರಲ್ಲಿ ‘ಮುಂಗಾರು ಮಳೆ’ ಬಂದಾಗ ಅದಕ್ಕೆ ಹಿಂದಿನ ಭಾಗದ ಬೆಂಬಲವಿರಲಿಲ್ಲ, ಗಣೇಶ್ ಆಗಿನ್ನೂ ದೊಡ್ಡ ಸ್ಟಾರ್ ಆಗಿರಲಿಲ್ಲ. ಆದರೂ ಜನ ಹೋದರು, ಬೆಂಗಳೂರಿನ ಮಲ್ಟಿಪ್ಲೆಕ್ಸ್‌ನಲ್ಲಿ ಅದು ವರ್ಷಗಟ್ಟಲೆ ಓಡಿತು. ಆಗ ಪರದೆಗಳನ್ನೆಲ್ಲ ‘ಭಾಗ ಎರಡು’ಗಳೇ ತುಂಬಿಕೊಂಡಿದ್ದರೆ ಆ ಮಳೆ ಎಲ್ಲಿ ಸುರಿಯಬೇಕಿತ್ತು?

ಹಾಗಾಗಿ ಮುಂದಿನ ಪೋಸ್ಟರ್‌ನಲ್ಲಿ ‘2’ ಕಂಡಾಗ ಒಮ್ಮೆ ನೆನಪಿಸಿಕೊಳ್ಳೋಣ, ಹಳೆಯ ಕಥೆಯಲ್ಲಿ ಏನು ಉಳಿದಿತ್ತು ಎಂದು. ಉಳಿದಿದ್ದರೆ ಮೊದಲ ದಿನವೇ ಹೋಗೋಣ. ಇಲ್ಲವಾದರೆ ಪಕ್ಕದ ಸ್ಕ್ರೀನಿನಲ್ಲಿ ಹೊಸಬರ ಸಿನಿಮಾ ಇರುತ್ತದೆ. ಅಲ್ಲಿ ಸೀಟೂ ಸುಲಭವಾಗಿ ಸಿಗುತ್ತದೆ.