ಫೋಟೊದೊಳಗಿನ ಲೆಕ್ಕ, ಅದರ ಸುತ್ತಲಿನ ಪೇಟೆಂಟುಗಳು

ಕಂಪ್ಯೂಟರ್ ಗ್ರಾಫಿಕ್ಸ್ ಮತ್ತು ಡಿಜಿಟಲ್ ಚಿತ್ರಗಳ ಕ್ಷೇತ್ರದಲ್ಲಿ ಆವಿಷ್ಕಾರವು ಕೈಗೆ ಸಿಗುವ ಯಂತ್ರವಾಗಿರುವುದು ಅಪರೂಪ. ಬಹುಮಟ್ಟಿಗೆ ಅದು ಅಂಕಿಗಳನ್ನು ಜೋಡಿಸುವ, ಕೈಬಿಡುವ ಅಥವಾ ಚಿಕ್ಕದಾಗಿಸುವ ಒಂದು ಕ್ರಮವಾಗಿರುತ್ತದೆ. ಅಂಥ ಕ್ರಮವೊಂದರ ಮೇಲೆ ಇಪ್ಪತ್ತು ವರ್ಷಗಳ ಏಕಸ್ವಾಮ್ಯ ಕೊಡಬಹುದೇ, ಕೊಟ್ಟರೆ ಅದರ ಗಡಿ ಎಲ್ಲಿ ಮುಗಿಯುತ್ತದೆ ಎಂಬ ಪ್ರಶ್ನೆ ಕಾನೂನು ಪಂಡಿತರಿಗಷ್ಟೇ ಸೇರಿದ್ದಲ್ಲ, ಸಾರಕ್ಕಿ, ಜೆ.ಪಿ. ನಗರ, ಬನಶಂಕರಿ, ಬಿಟಿಎಂ ಬಡಾವಣೆಗಳಲ್ಲಿ ನೆಲೆಸಿ ನಗರದ ಸಂಶೋಧನಾ ಕೇಂದ್ರಗಳಲ್ಲಿ ದುಡಿಯುವ ಸಾಫ್ಟ್‌ವೇರ್ ಎಂಜಿನಿಯರುಗಳಿಗೆ ಅದು ಕಚೇರಿಯ ಕೆಲಸದಲ್ಲೇ ಎದುರಾಗುತ್ತದೆ. ಈ ಕ್ಷೇತ್ರದ ಅತ್ಯಂತ ಫಲವತ್ತಾದ ಕಲ್ಪನೆಗಳಲ್ಲಿ ಒಂದು ಬೆಂಗಳೂರಿನಲ್ಲಿ ಹುಟ್ಟಿ, ಇಲ್ಲಿಯೇ ಎಂಜಿನಿಯರಿಂಗ್ ಓದಿದ ನಾಸಿರ್ ಅಹ್ಮದ್ ಅವರದು, ಮತ್ತು ಅದಕ್ಕೆ ಪೇಟೆಂಟ್ ಇಲ್ಲ. ಅದರ ಆಸುಪಾಸಿನ, ಅದಕ್ಕಿಂತ ಎಷ್ಟೋ ಚಿಕ್ಕದಾದ ಹಂತಗಳ ಮೇಲೆ ಪಡೆದ ಪೇಟೆಂಟುಗಳಾದರೋ ಕೋಟ್ಯಂತರ ಡಾಲರುಗಳನ್ನು ಕೈಬದಲಾಯಿಸಿದವು.

1940ರಲ್ಲಿ ಜನಿಸಿದ ಅಹ್ಮದ್ 1961ರಲ್ಲಿ, ಇಂದು ಯುವಿಸಿಇ ಎಂದು ಹೆಸರಾಗಿರುವ ಕೆ.ಆರ್. ವೃತ್ತದ ಎಂಜಿನಿಯರಿಂಗ್ ಕಾಲೇಜಿನಿಂದ ವಿದ್ಯುತ್ ವಿಭಾಗದ ಪದವಿ ಪಡೆದರು. ಆಮೇಲೆ ಅಮೆರಿಕದ ನ್ಯೂ ಮೆಕ್ಸಿಕೊ ವಿಶ್ವವಿದ್ಯಾನಿಲಯದಲ್ಲಿ 1966ರಲ್ಲಿ ಡಾಕ್ಟರೇಟ್ ಮುಗಿಸಿ, ಎರಡು ವರ್ಷ ಹನಿವೆಲ್ ಕಂಪನಿಯಲ್ಲಿದ್ದು, 1968ರಲ್ಲಿ ಕ್ಯಾನ್ಸಸ್ ರಾಜ್ಯ ವಿಶ್ವವಿದ್ಯಾನಿಲಯದ ಅಧ್ಯಾಪಕರಾದರು. 1972ರಲ್ಲಿ ಅವರು ಅಲ್ಲಿನ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನಕ್ಕೆ ಧನಸಹಾಯ ಕೋರಿ ಒಂದು ಸಂಶೋಧನಾ ಪ್ರಸ್ತಾವ ಕಳುಹಿಸಿದರು; ಪರಿಶೀಲಕರೊಬ್ಬರಿಗೆ ಇಡೀ ವಿಚಾರವೇ ತೀರಾ ಸರಳವೆಂದು ಕಂಡಿತು, ಹಣ ಮಂಜೂರಾಗಲಿಲ್ಲ. ಮರುವರ್ಷದ ಬೇಸಿಗೆಯಲ್ಲಿ ಅವರು ಸಂಬಳವಿಲ್ಲದೆಯೇ ಆ ಕೆಲಸ ಮುಂದುವರಿಸಿದರು. ತಮ್ಮ ವಿದ್ಯಾರ್ಥಿ ಟಿ. ನಟರಾಜನ್ ಮತ್ತು ಟೆಕ್ಸಾಸಿನಲ್ಲಿ ಪ್ರಾಧ್ಯಾಪಕರಾಗಿದ್ದ ಕೆ.ಆರ್. ರಾವ್ ಅವರೊಡನೆ ಬರೆದ ನಾಲ್ಕು ಪುಟದ ಪ್ರಬಂಧ 1974ರ ಜನವರಿಯಲ್ಲಿ, ವಿದ್ಯುತ್ ಎಂಜಿನಿಯರುಗಳ ಅಂತರರಾಷ್ಟ್ರೀಯ ಸಂಸ್ಥೆಯಾದ ಐಇಇಇಯ ಕಂಪ್ಯೂಟರ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಅದರ ಶೀರ್ಷಿಕೆಯೇ ವಿಧಾನದ ಹೆಸರೂ ಹೌದು: ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್, ಸಂಕ್ಷೇಪದಲ್ಲಿ ಡಿಸಿಟಿ.

ಈ ಡಿಸಿಟಿ ಮಾಡುವ ಕೆಲಸ ತಿಳಿಯಬೇಕಾದರೆ ಚಿತ್ರವೊಂದು ಕಂಪ್ಯೂಟರಿನೊಳಗೆ ಹೇಗಿರುತ್ತದೆ ಎಂಬುದರಿಂದ ತೊಡಗಬೇಕು. ಮೊಬೈಲಿನ 12 ಮೆಗಾಪಿಕ್ಸೆಲ್ ಕ್ಯಾಮೆರಾ ತೆಗೆದ ಚಿತ್ರವೆಂದರೆ 1.2 ಕೋಟಿ ಬಿಂದುಗಳು. ಪ್ರತಿ ಬಿಂದುವಿಗೆ ಕೆಂಪು, ಹಸಿರು, ನೀಲಿ ಎಂಬ ಮೂರು ಬಣ್ಣಗಳ ಪ್ರಮಾಣವನ್ನು ಹೇಳುವ ಮೂರು ಅಂಕಿಗಳು. ಹಾಗೆಯೇ ಬರೆದಿಟ್ಟರೆ ಒಂದು ಚಿತ್ರಕ್ಕೆ ಸುಮಾರು 36 ಮೆಗಾಬೈಟ್ ಜಾಗ ಬೇಕು. ಆದರೆ ಮೊಬೈಲಿನಲ್ಲಿ ಅದೇ ಚಿತ್ರ ಜೆಪೆಗ್ ಕಡತವಾಗಿ ಉಳಿಯುವಾಗ ಸಾಮಾನ್ಯವಾಗಿ ಮೂರು ನಾಲ್ಕು ಮೆಗಾಬೈಟಿಗೆ ಇಳಿದಿರುತ್ತದೆ, ನೋಡುವವರಿಗೆ ವ್ಯತ್ಯಾಸವೂ ಗೊತ್ತಾಗುವುದಿಲ್ಲ. ಜೆಪೆಗ್ ಎನ್ನುವುದು ಚಿತ್ರಗಳನ್ನು ಅಡಕಗೊಳಿಸಿಡಲು 1992ರಲ್ಲಿ ಅಂಗೀಕಾರವಾದ ಅಂತರರಾಷ್ಟ್ರೀಯ ಮಾನಕ, ಅಂದರೆ ಎಲ್ಲ ತಯಾರಕರೂ ಒಪ್ಪಿ ನಡೆಯುವ ನಿಯಮಾವಳಿ. ಅದರ ನಡುವೆ ಕುಳಿತಿರುವ ಗಣಿತ ಅಹ್ಮದ್ ಅವರ ಡಿಸಿಟಿ.

ಸಾರಕ್ಕಿ ಮಾರುಕಟ್ಟೆಯ ತರಕಾರಿ ಅಂಗಡಿಯೊಂದರ ಫೋಟೊವನ್ನು ಜೆಪೆಗ್ ವಿಧಾನಕ್ಕೆ ಒಪ್ಪಿಸಿದರೆ ಅದು ಮೊದಲು ಚಿತ್ರವನ್ನು ಎಂಟು ಬಿಂದು ಅಗಲ, ಎಂಟು ಬಿಂದು ಎತ್ತರದ ಚೌಕಗಳಾಗಿ ಕತ್ತರಿಸುತ್ತದೆ. ಸೋರೆಕಾಯಿಯ ನುಣುಪಾದ ಮೈಮೇಲೆ ಬಿದ್ದ ಒಂದು ಚೌಕದಲ್ಲಿ 64 ಬಿಂದುಗಳ ಬೆಳಕೂ ಒಂದೇ ಸಮನಾಗಿ 152 ಇದೆಯೆಂದು ಇಟ್ಟುಕೊಳ್ಳೋಣ. ಸೊನ್ನೆಯಿಂದ 255ರವರೆಗಿನ ಅಳತೆಯ ನಡುಬಿಂದುವಾದ 128ನ್ನು ಕಳೆದರೆ ಪ್ರತಿಯೊಂದೂ 24 ಆಗುತ್ತದೆ. ಡಿಸಿಟಿಯು ಈ 64 ಅಂಕಿಗಳ ಬದಲಿಗೆ ಬೇರೆ 64 ಅಂಕಿಗಳನ್ನು ಕೊಡುತ್ತದೆ: ಮೊದಲನೆಯದು ಚೌಕದ ಒಟ್ಟಾರೆ ಬೆಳಕನ್ನು ಸೂಚಿಸುವ 192, ಮಿಕ್ಕ 63 ಅಂಕಿಗಳು ಸೊನ್ನೆ. ಆ ಮಿಕ್ಕ ಅಂಕಿಗಳು ಬೆಳಕಿನ ಏರಿಳಿತವನ್ನು ಅಳೆಯುವಂಥವು; ಮೊದಲ ಕೆಲವು ನಿಧಾನವಾದ ಏರಿಳಿತವನ್ನೂ ಕೊನೆಯವು ಬಿಂದುವಿನಿಂದ ಬಿಂದುವಿಗೆ ಆಗುವ ಚುರುಕಾದ ಏರಿಳಿತವನ್ನೂ ಹೇಳುತ್ತವೆ. ಸೋರೆಕಾಯಿಯ ಮೈಯಲ್ಲಿ ಏರಿಳಿತವೇ ಇಲ್ಲದ್ದರಿಂದ ಅವೆಲ್ಲ ಸೊನ್ನೆಯಾದವು.

ಮುಂದಿನ ಹಂತವಾದ ಕ್ವಾಂಟೈಸೇಶನ್‌ನಲ್ಲಿ ಪ್ರತಿ ಅಂಕಿಯನ್ನೂ ಒಂದು ನಿಗದಿತ ಸಂಖ್ಯೆಯಿಂದ ಭಾಗಿಸಿ ಹತ್ತಿರದ ಪೂರ್ಣಾಂಕಕ್ಕೆ ತರಲಾಗುತ್ತದೆ. ಮಾನಕದಲ್ಲಿ ಮಾದರಿಯೆಂದು ಕೊಟ್ಟಿರುವ ಕೋಷ್ಟಕದ ಮೊದಲ ಭಾಜಕ 16, ಕೊನೆಯದು 99. 192ನ್ನು 16ರಿಂದ ಭಾಗಿಸಿದರೆ 12; ಅಲ್ಲಿಗೆ 64 ಅಂಕಿಗಳ ಚೌಕ ಒಂದು 12 ಮತ್ತು ‘ಮಿಕ್ಕದ್ದೆಲ್ಲ ಸೊನ್ನೆ’ ಎಂಬ ಒಂದು ಗುರುತಿಗೆ ಇಳಿಯಿತು. ಪಕ್ಕದಲ್ಲಿರುವ ಕೊತ್ತಂಬರಿ ಸೊಪ್ಪಿನ ಕಟ್ಟಿನ ಮೇಲೆ ಬಿದ್ದ ಚೌಕದ ಸ್ಥಿತಿ ಬೇರೆ: ಎಲೆಯಂಚು, ನೆರಳು, ನೀರಹನಿಗಳಿಂದಾಗಿ ಅಲ್ಲಿ ಚುರುಕಾದ ಏರಿಳಿತಗಳು ಹಲವು. ಆದರೂ ಕೊನೆಯ ಸ್ಥಾನದಲ್ಲಿ 40 ಎಂಬ ಅಂಕಿ ಬಂದರೆ 99ರಿಂದ ಭಾಗಿಸಿದಾಗ ಅದೂ ಸೊನ್ನೆಯೇ. ಮಾಹಿತಿ ನಿಜವಾಗಿ ನಷ್ಟವಾಗುವುದು ಇಲ್ಲಿಯೇ, ಡಿಸಿಟಿಯ ಹಂತದಲ್ಲಲ್ಲ. ಅತಿ ಸೂಕ್ಷ್ಮವಾದ ಏರಿಳಿತವನ್ನು ಮನುಷ್ಯನ ಕಣ್ಣು ಅಷ್ಟಾಗಿ ಗಮನಿಸದ ಕಾರಣ ಈ ನಷ್ಟ ಕ್ಷಮ್ಯವೆನಿಸುತ್ತದೆ. ಭಾಜಕಗಳನ್ನು ಮಿತಿಮೀರಿ ಹೆಚ್ಚಿಸಿದಾಗ ಮಾತ್ರ, ಹತ್ತಾರು ಗುಂಪು ದಾಟಿ ಬಂದ ವಾಟ್ಸ್ಆ್ಯಪ್ ಚಿತ್ರಗಳಲ್ಲಿ ಕಾಣುವಂತೆ, ಚೌಕಗಳ ಗೆರೆ ಎದ್ದು ಕಾಣತೊಡಗುತ್ತದೆ.

ಏರಿಳಿತಗಳನ್ನು ಅಳೆಯಲು ಬೇರೆ ವಿಧಾನಗಳು ಆಗಲೂ ಇದ್ದವು. ಕಾರ್ಹುನೆನ್–ಲೋವೆ ಎಂಬ ಪರಿವರ್ತನೆ ಸಿದ್ಧಾಂತದ ದೃಷ್ಟಿಯಿಂದ ಅತ್ಯುತ್ತಮವಾದದ್ದು, ಆದರೆ ಪ್ರತಿ ಚಿತ್ರಕ್ಕೂ ಅದರ ಅಳತೆಗೋಲುಗಳನ್ನು ಹೊಸದಾಗಿ ಲೆಕ್ಕಹಾಕಬೇಕು, ಆ ಅಳತೆಗೋಲುಗಳನ್ನೂ ಚಿತ್ರದ ಜೊತೆ ಕಳುಹಿಸಬೇಕು. ಬಹುಕಾಲದಿಂದ ಬಳಕೆಯಲ್ಲಿದ್ದ ಫೂರಿಯೇ ಪರಿವರ್ತನೆಗೆ ಆ ತಾಪತ್ರಯವಿಲ್ಲ. ಅದು ಚೌಕವನ್ನು ಒಂದರ ಪಕ್ಕ ಒಂದರಂತೆ ಮರುಕಳಿಸುವ ವಿನ್ಯಾಸವೆಂದು ಭಾವಿಸುವುದರಿಂದ, ಎಡತುದಿ ಬಲತುದಿಗಳ ಬೆಳಕು ಬೇರೆಬೇರೆಯಾಗಿದ್ದರೆ ಸೇರುವ ಕಡೆ ಚಿತ್ರದಲ್ಲಿಲ್ಲದ ಒಂದು ಜಿಗಿತ ಹುಟ್ಟಿಕೊಂಡು ಅಂಕಿಗಳು ಅನಗತ್ಯವಾಗಿ ಹೆಚ್ಚುತ್ತವೆ. ಶಾಲೆಯ ತ್ರಿಕೋನಮಿತಿಯಲ್ಲಿ ಪರಿಚಯವಾಗುವ ಕೊಸೈನನ್ನಷ್ಟೇ ಬಳಸುವ ಡಿಸಿಟಿಯು ಚೌಕದ ಪಕ್ಕದಲ್ಲಿ ಅದರದೇ ಕನ್ನಡಿ ಬಿಂಬವನ್ನು ಕಲ್ಪಿಸಿಕೊಳ್ಳುತ್ತದೆ. ಬಿಂಬವೂ ಮೂಲವೂ ಸೇರುವಲ್ಲಿ ಜಿಗಿತವಿರುವುದು ಸಾಧ್ಯವಿಲ್ಲ. ಅಕ್ಕಪಕ್ಕದ ಬಿಂದುಗಳು ಬಹುಪಾಲು ಒಂದನ್ನೊಂದು ಹೋಲುವ ಸಹಜ ಚಿತ್ರಗಳಲ್ಲಿ ಅದರ ಫಲಿತಾಂಶ ಕಾರ್ಹುನೆನ್–ಲೋವೆಯ ಸಮೀಪಕ್ಕೆ ಬರುತ್ತದೆ, ಅದೂ ಬದಲಾಗದ ಅಳತೆಗೋಲುಗಳಿಂದ, ಎಂಬುದು ಆ ನಾಲ್ಕು ಪುಟಗಳ ಸಾರ. ಪರಿಶೀಲಕರಿಗೆ ದೋಷವೆನಿಸಿದ್ದ ಸರಳತೆಯಿಂದಲೇ ಅದು ಚಿಕ್ಕ ಚಿಪ್ಪುಗಳೊಳಗೂ ಇಳಿಯಲು ಸಾಧ್ಯವಾಯಿತೆಂದು ಹೇಳಿದರೆ ತಪ್ಪಾಗಲಾರದು.

ಪ್ರಕಟವಾದ ಪ್ರಬಂಧ ಎಲ್ಲರ ಸೊತ್ತಾಯಿತು. ಪೇಟೆಂಟ್ ಎನ್ನುವುದು ಹೊಸ ಆವಿಷ್ಕಾರದ ವಿವರಗಳನ್ನು ಬಹಿರಂಗಪಡಿಸಿದ್ದಕ್ಕೆ ಪ್ರತಿಯಾಗಿ, ಇತರರು ಅದನ್ನು ಅನುಮತಿಯಿಲ್ಲದೆ ಬಳಸದಂತೆ ತಡೆಯಲು ಸರ್ಕಾರ ಕೊಡುವ ಹಕ್ಕು. ಅದರ ವ್ಯಾಪ್ತಿಯನ್ನು ನಿರ್ಧರಿಸುವುದು ಶೀರ್ಷಿಕೆಯಾಗಲಿ ಸಾರಾಂಶವಾಗಲಿ ಅಲ್ಲ, ಕೊನೆಯಲ್ಲಿ ಕ್ರಮಸಂಖ್ಯೆ ಹಾಕಿ ಬರೆದಿರುವ ‘ಕ್ಲೇಮು’ಗಳು. ಅಮೆರಿಕದ ಕಂಪ್ರೆಶನ್ ಲ್ಯಾಬ್ಸ್ ಕಂಪನಿಯ ವೆನ್-ಶಿಯುಂಗ್ ಚೆನ್ ಮತ್ತು ಡೇನಿಯಲ್ ಕ್ಲೆಂಕಿ 1986ರಲ್ಲಿ ಅರ್ಜಿ ಹಾಕಿ 1987ರಲ್ಲಿ ಪಡೆದ ಪೇಟೆಂಟಿನ ಕ್ಲೇಮುಗಳಲ್ಲಿ ಡಿಸಿಟಿಯ ಮೇಲೆ ಹಕ್ಕಿಲ್ಲ. ಪರಿವರ್ತನೆಯ ನಂತರ ಸಾಲಾಗಿ ಬರುವ ಸೊನ್ನೆಗಳಂಥ ಮರುಕಳಿಸುವ ಅಂಕಿಗಳನ್ನು ಎಣಿಸಿ ಚಿಕ್ಕ ಸಂಕೇತಗಳಲ್ಲಿ ಬರೆಯುವ ಬಗೆಯ ಮೇಲಷ್ಟೇ ಅವರ ಹಕ್ಕು. ಕಂಪನಿ ಕೈಬದಲಾಗಿ ಕೊನೆಗೆ ಫೋರ್ಜೆಂಟ್ ಎಂಬ ಹೆಸರು ಪಡೆದ ಮೇಲೆ, 2002ರಲ್ಲಿ, ಜೆಪೆಗ್ ಬಳಸುವವರೆಲ್ಲ ತನಗೆ ಶುಲ್ಕ ಕೊಡಬೇಕೆಂದು ಅದು ಹಠ ಹಿಡಿಯಿತು. ಆ ವೇಳೆಗೆ ಜೆಪೆಗ್ ಮಾನಕವಾಗಿ ಹತ್ತು ವರ್ಷವಾಗಿತ್ತು. ಸೋನಿಯಂಥ ದೊಡ್ಡ ಕಂಪನಿಗಳೂ ಹಣ ಕಟ್ಟಿದವು, ಒಟ್ಟು ವಸೂಲಿ ಹತ್ತು ಕೋಟಿ ಡಾಲರನ್ನು ದಾಟಿತು, ಒಪ್ಪದ ಹಲವಾರು ಕಂಪನಿಗಳ ಮೇಲೆ 2004ರಲ್ಲಿ ಮೊಕದ್ದಮೆ ಹೂಡಲಾಯಿತು. 2006ರಲ್ಲಿ ಅಮೆರಿಕದ ಪೇಟೆಂಟ್ ಕಚೇರಿ ಮರುಪರಿಶೀಲನೆ ನಡೆಸಿ, ಪ್ರಮುಖ ಕ್ಲೇಮುಗಳಲ್ಲಿ ಹೊಸತನವಿಲ್ಲವೆಂಬ ಅಭಿಪ್ರಾಯಕ್ಕೆ ಬಂದಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಪೇಟೆಂಟಿನ ಅವಧಿಯೂ ತೀರಿತು.

ಇದೇ ಬಗೆಯ ಇನ್ನೊಂದು ಪ್ರಸಂಗ ಜೆಪೆಗ್ ನಿಯಮಾವಳಿಯೊಳಗೇ ಇದೆ. ಅಂಕಿಗಳನ್ನು ಕೊನೆಯಲ್ಲಿ ಸಂಕೇತಗಳಾಗಿಸಲು ಮಾನಕವು ಹಫ್‌ಮನ್ ವಿಧಾನ ಮತ್ತು ಅಂಕಗಣಿತ ಸಂಕೇತನ ಎಂಬ ಎರಡು ದಾರಿಗಳನ್ನು ಕೊಟ್ಟಿದೆ. ಎರಡನೆಯದರಲ್ಲಿ ಕಡತ ಇನ್ನಷ್ಟು ಚಿಕ್ಕದಾಗುತ್ತಿತ್ತು, ಆದರೆ ಅದು ಐಬಿಎಂ ಮುಂತಾದ ಕಂಪನಿಗಳ ಪೇಟೆಂಟುಗಳಿಗೆ ಒಳಪಟ್ಟಿದ್ದರಿಂದ ಬಹುತೇಕ ತಯಾರಕರು ಅದರ ತಂಟೆಗೇ ಹೋಗಲಿಲ್ಲ. ಆ ಪೇಟೆಂಟುಗಳು ಮುಗಿದ ಮೇಲೂ ರೂಢಿ ಬದಲಾಗಿಲ್ಲ.

ಗ್ರಾಫಿಕ್ಸ್ ವಿಭಾಗದಲ್ಲಿ ಎಸ್3 ಕಂಪನಿಯ ಕಾನ್‌ಸ್ಟಾಂಟಿನ್ ಇಯೂರ್ಚಾ, ಕೃಷ್ಣ ನಾಯಕ್ ಮತ್ತು ಝೋ ಹಾಂಗ್ 1997ರಲ್ಲಿ ಅರ್ಜಿ ಹಾಕಿ 1999ರಲ್ಲಿ ಪಡೆದ ಪೇಟೆಂಟನ್ನು ನಿಜವಾದ ಎಂಜಿನಿಯರಿಂಗ್ ಜಾಣ್ಮೆಯ ಮಾದರಿಯೆಂದು ಪರಿಗಣಿಸಬೇಕು. ವಿಡಿಯೊ ಆಟಗಳಲ್ಲಿ ಗೋಡೆ, ನೆಲ, ಬಟ್ಟೆಗಳ ಮೇಲೆ ಹೊದಿಸುವ ಚಿತ್ರಕ್ಕೆ ಟೆಕ್ಸ್‌ಚರ್ ಎನ್ನುತ್ತಾರೆ. ಆಟ ನಡೆಯುವಾಗ ಅದರ ಯಾವ ಬಿಂದು ಯಾವ ಕ್ಷಣಕ್ಕೆ ಬೇಕಾಗುವುದೋ ತಿಳಿಯದು, ಆದ್ದರಿಂದ ಜೆಪೆಗ್‌ನಂತೆ ಇಡೀ ಕಡತವನ್ನು ಬಿಚ್ಚುತ್ತ ಕೂರಲಾಗದು. ಈ ಮೂವರು ನಾಲ್ಕು ಬಿಂದು ಅಗಲ, ನಾಲ್ಕು ಬಿಂದು ಎತ್ತರದ ಚೌಕಕ್ಕೆ ತಲಾ 16 ಬಿಟ್‌ಗಳ ಎರಡು ಬಣ್ಣಗಳನ್ನಷ್ಟೇ ಬರೆದಿಟ್ಟರು. ಅವೆರಡರ ನಡುವಿನ ಇನ್ನೆರಡು ಬಣ್ಣಗಳನ್ನು ಯಂತ್ರವೇ ಲೆಕ್ಕಹಾಕಿಕೊಳ್ಳುತ್ತದೆ, ಹದಿನಾರು ಬಿಂದುಗಳಲ್ಲಿ ಪ್ರತಿಯೊಂದೂ ಈ ನಾಲ್ಕರಲ್ಲಿ ತನ್ನದು ಯಾವುದೆಂದು ಎರಡು ಬಿಟ್‌ಗಳಲ್ಲಿ ಹೇಳುತ್ತದೆ. 384 ಬಿಟ್‌ಗಳ ಜಾಗದಲ್ಲಿ 64 ಸಾಕಾದವು, ಮತ್ತು ಪ್ರತಿ ಚೌಕದ ಗಾತ್ರವೂ ಒಂದೇ ಆದದ್ದರಿಂದ ಬೇಕಾದುದನ್ನು ನೇರವಾಗಿ ತೆಗೆಯಬಹುದು. ಇದರ ಇನ್ನೊಂದು ಮುಖವೆಂದರೆ, ಲಿನಕ್ಸ್‌ನ ಮುಕ್ತ ಗ್ರಾಫಿಕ್ಸ್ ತಂತ್ರಾಂಶದಲ್ಲಿ ಈ ವಿಧಾನ ನೇರವಾಗಿ ಸೇರಲು 2017ರ ಅಕ್ಟೋಬರಿನವರೆಗೆ, ಅಂದರೆ ಪೇಟೆಂಟ್ ಮುಗಿಯುವವರೆಗೆ, ಕಾಯಬೇಕಾಯಿತು.

ಭಾರತದಲ್ಲಿ ಈ ಲೆಕ್ಕಾಚಾರ ಬೇರೆಯಾಗಿ ನಡೆಯುತ್ತದೆ. 1970ರ ಪೇಟೆಂಟ್ ಕಾಯ್ದೆಯ 3(ಕೆ) ಕಲಮಿನ ಪ್ರಕಾರ ಗಣಿತದ ವಿಧಾನ, ವ್ಯಾಪಾರ ವಿಧಾನ, ಆಲ್ಗರಿದಂ ಮತ್ತು ಬರಿಯ ಕಂಪ್ಯೂಟರ್ ಪ್ರೋಗ್ರಾಂ ಆವಿಷ್ಕಾರಗಳೆನಿಸುವುದಿಲ್ಲ. ಡಿಸಿಟಿಯ ಸೂತ್ರವನ್ನು ಇಂದು ಸೂತ್ರವಾಗಿಯೇ ಚೆನ್ನೈ ಪೇಟೆಂಟ್ ಕಚೇರಿಯ ಮುಂದಿಟ್ಟರೆ, ಕರ್ನಾಟಕದ ಅರ್ಜಿಗಳು ಸೇರುವುದು ಅಲ್ಲಿಗೇ, ಅದು ತಿರಸ್ಕೃತವಾಗುವುದು ಬಹುಮಟ್ಟಿಗೆ ಖಚಿತ. ಈ ಕಟ್ಟನ್ನು ಸಡಿಲಿಸಲು 2004ರ ಕೊನೆಯಲ್ಲಿ ಸುಗ್ರೀವಾಜ್ಞೆಯ ಮೂಲಕ ನಡೆದ ಯತ್ನವನ್ನು 2005ರಲ್ಲಿ ಸಂಸತ್ತು ಉಳಿಸಿಕೊಳ್ಳಲಿಲ್ಲ. ಆದರೆ 2019ರ ಡಿಸೆಂಬರಿನಲ್ಲಿ ಫೆರಿದ್ ಅಲ್ಲಾನಿ ಪ್ರಕರಣದಲ್ಲಿ ದೆಹಲಿ ಹೈಕೋರ್ಟು, ಪ್ರೋಗ್ರಾಂ ಆಧಾರಿತ ಆವಿಷ್ಕಾರವು ತಾಂತ್ರಿಕ ಪರಿಣಾಮವನ್ನು ತೋರಿಸಿದರೆ ಅದು ಪೇಟೆಂಟಿಗೆ ಅರ್ಹವಾಗಬಹುದೆಂದು ಹೇಳಿತು. ಹೀಗಾಗಿ ಚಿತ್ರ ಸಂಸ್ಕರಣೆಯ ಅರ್ಜಿಗಳನ್ನು ಬರೆಯುವವರು ಸೂತ್ರವನ್ನು ಹಿಂದಕ್ಕೆ ಸರಿಸಿ, ಮೆಮೊರಿಯ ಬಳಕೆ ಎಷ್ಟು ತಗ್ಗಿತು, ಕ್ಯಾಮೆರಾದ ಸಂವೇದಕ ಎಷ್ಟು ಬೇಗ ಉತ್ತರಿಸಿತು ಎಂಬಂಥ ಫಲಗಳನ್ನು ಮುಂದಿಡುತ್ತಾರೆ.

1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ತನ್ನ ಕೇಂದ್ರವನ್ನು ಬೆಂಗಳೂರಿನಲ್ಲಿ ತೆರೆದ ಬಳಿಕ, ಡಿಸಿಟಿಯಂಥ ಲೆಕ್ಕಗಳನ್ನು ಚಿಪ್ಪಿನಲ್ಲಿ ವೇಗವಾಗಿ ನಡೆಸುವ ಕೆಲಸ ಈ ಊರಿನ ಕಸುಬುಗಳಲ್ಲಿ ಒಂದಾಗಿದೆ. 2001ರಲ್ಲಿ ಇಲ್ಲಿಯೇ ಹುಟ್ಟಿದ ಇಟ್ಟಿಯಮ್ ಸಿಸ್ಟಮ್ಸ್ ವಿಡಿಯೊ ಅಡಕಗೊಳಿಸುವ ತಂತ್ರಾಂಶದಿಂದಲೇ ಹೆಸರು ಮಾಡಿತು. ವಿದೇಶಿ ಕಂಪನಿಗಳ ಇಲ್ಲಿನ ಎಂಜಿನಿಯರುಗಳು ಪಡೆಯುವ ಅಮೆರಿಕದ ಪೇಟೆಂಟುಗಳ ಮೊದಲ ಪುಟದಲ್ಲಿ ಆವಿಷ್ಕಾರಕರ ಹೆಸರಿನ ಮುಂದೆ ಊರು ಮತ್ತು ದೇಶ ಅಚ್ಚಾಗುತ್ತವೆ. ಸಾರಕ್ಕಿಯಲ್ಲಿರುವವರೂ ವೈಟ್‌ಫೀಲ್ಡಿನಲ್ಲಿರುವವರೂ ಅಲ್ಲಿ ಒಂದೇ ರೀತಿ ‘ಬೆಂಗಳೂರು’ ಆಗುತ್ತಾರೆ, ಕೆಳಗೆ ಒಡೆತನದ ಜಾಗದಲ್ಲಿ ಕಂಪನಿಯ ಹೆಸರಿರುತ್ತದೆ. ಕೆಲಸಕ್ಕೆ ಸೇರುವಾಗ ಮಾಡಿಕೊಂಡ ಒಪ್ಪಂದದಂತೆ ಹಕ್ಕು ಕಂಪನಿಗೆ ಹೋಗುತ್ತದೆ, ಆವಿಷ್ಕಾರಕರೆಂಬ ಗುರುತು ವ್ಯಕ್ತಿಯಲ್ಲೇ ಉಳಿಯುತ್ತದೆ. ಕೆಲಸ ಬಿಟ್ಟರೂ ಇವೆರಡೂ ಬದಲಾಗುವುದಿಲ್ಲ. ಭಾರತದಲ್ಲಿ ವಾಸಿಸುವವರು ಮೊದಲ ಅರ್ಜಿಯನ್ನು ವಿದೇಶದಲ್ಲಿ ಸಲ್ಲಿಸಬೇಕಾದರೆ ಕಾಯ್ದೆಯ 39ನೆಯ ಕಲಮಿನಂತೆ ಮುಂಚಿತವಾಗಿ ಅನುಮತಿ ಪಡೆಯಬೇಕು, ಇಲ್ಲವೇ ಇಲ್ಲಿ ಅರ್ಜಿ ಸಲ್ಲಿಸಿ ಆರು ವಾರ ಕಾಯಬೇಕು. ಅನುಮತಿಯಿಲ್ಲದೆ ಹೊರಗೆ ಅರ್ಜಿ ಹಾಕಿದವರ ಭಾರತೀಯ ಹಕ್ಕು ಬಿದ್ದುಹೋಗುವುದಲ್ಲದೆ, ದಂಡ ಅಥವಾ ಸೆರೆವಾಸಕ್ಕೂ ಕಾಯ್ದೆಯಲ್ಲಿ ಅವಕಾಶವಿದೆ.